ಕಾರಿನ ಕೊಟೇಶನ್ ಕನ್ನಡದಲ್ಲಿ, ಬಿಡಿಬಿಡಿಯಾಗಿ ಕೊಡಲಿ

ಮಾನ್ಯ ಸಂಪಾದಕರೇ,

ಹಬ್ಬ ಹತ್ತಿರ ಬಂತು ಅಂದರೆ ನಿಮ್ಮ ಪತ್ರಿಕೆಯ ಮುಖಪುಟದ ತುಂಬ ಕಾರಿನ ಜಾಹೀರಾತು. ದೊಡ್ಡ ಅಕ್ಷರದಲ್ಲಿ ಒಂದು ಬೆಲೆ, ಅದರ ಕೆಳಗೆ ಇರುವೆ ಸಾಲಿನಂಥ ಅಕ್ಷರದಲ್ಲಿ ‘ಎಕ್ಸ್ ಶೋರೂಮ್, ಷರತ್ತು ಅನ್ವಯ’. ಎಕ್ಸ್ ಶೋರೂಮ್ ಅಂದರೆ ರಸ್ತೆ ತೆರಿಗೆ, ನೋಂದಣಿ, ವಿಮೆ ಸೇರದ ಬೆಲೆ. ಆ ದೊಡ್ಡ ಅಕ್ಷರದ ಬೆಲೆಗೆ ಕರ್ನಾಟಕದಲ್ಲಿ ಒಬ್ಬನೂ ಕಾರು ಮನೆಗೆ ತಂದಿಲ್ಲ. ಇದನ್ನು ಕಾರು ಕೊಂಡವರೆಲ್ಲ ಬಲ್ಲರು. ಕೊಳ್ಳಲು ಹೊರಟವರಿಗೆ ಮಾತ್ರ ಗೊತ್ತಿರುವುದಿಲ್ಲ, ಅವರಿಗಾಗಿಯೇ ಈ ಪತ್ರ. ಜಾಹೀರಾತು ಕೊಡುವವರಿಗೆ ‘ಬೆಂಗಳೂರಿನಲ್ಲಿ ಆನ್ ರೋಡ್ ಎಷ್ಟು’, ಅಂದರೆ ಎಲ್ಲ ಸೇರಿ ಎಷ್ಟು, ಅನ್ನುವ ಒಂದು ಸಾಲನ್ನೂ ಓದುವಂಥ ಅಕ್ಷರದಲ್ಲಿ ಹಾಕಿ ಎಂದು ನೀವು ಕೇಳಿದರೆ ಓದುಗರಿಗೆ ದೊಡ್ಡ ಉಪಕಾರ.

ಶೋರೂಮಿಗೆ ಹೋದ ನಮ್ಮ ಜನ ಚೌಕಾಸಿ ಮಾಡುವುದು ಎಕ್ಸ್ ಶೋರೂಮ್ ಬೆಲೆ ಮೇಲೆ. ಹತ್ತು ಸಾವಿರ ಬಿಡಿ, ಹದಿನೈದು ಬಿಡಿ ಅಂತ ಜಗ್ಗಾಡುತ್ತಾರೆ. ಡೀಲರ್ ಸ್ವಲ್ಪ ಅತ್ತಂತೆ ಮಾಡಿ ಬಿಡುತ್ತಾನೆ. ಆಮೇಲೆ ಕೆಳಗಿನ ಸಾಲುಗಳಲ್ಲಿ, ಅಂದರೆ ಆರ್‌ಟಿಒ, ಇನ್ಶೂರೆನ್ಸ್, ಹ್ಯಾಂಡ್ಲಿಂಗ್, ಆಕ್ಸೆಸರಿ, ವಾರಂಟಿ ಅಂತ ಬರುವ ಸಾಲುಗಳಲ್ಲಿ, ಬಿಟ್ಟದ್ದರ ಎರಡರಷ್ಟು ವಾಪಸ್ ಬರುತ್ತದೆ. ನ್ಯಾಯವಾದ ಬೆಲೆ ಸಿಗುವುದೋ ಕೈತಪ್ಪುವುದೋ ಈ ಸಾಲುಗಳಲ್ಲೇ.

ಮೊದಲು ತೆರಿಗೆ. ಇದರಲ್ಲಿ ಡೀಲರ್ ಏನೂ ಬಿಡಲು ಬರುವುದಿಲ್ಲ, ನಿಜ. ಆದರೆ ಲೆಕ್ಕ ನಮಗೆ ಗೊತ್ತಿರಬೇಕು. ನಮ್ಮ ರಾಜ್ಯದಲ್ಲಿ ಪೆಟ್ರೋಲ್, ಡೀಸೆಲ್ ಕಾರಿಗೆ ಜೀವಿತಾವಧಿ ತೆರಿಗೆ 5 ಲಕ್ಷದವರೆಗೆ ಶೇ 13, ಅಲ್ಲಿಂದ 10 ಲಕ್ಷದವರೆಗೆ ಶೇ 14, 20 ಲಕ್ಷದವರೆಗೆ ಶೇ 17, ಅದಕ್ಕೂ ಮೇಲೆ ಶೇ 18. ಆ ತೆರಿಗೆಯ ಮೇಲೆ ಮತ್ತೆ ಶೇ 11 ಸೆಸ್. ದೇಶದಲ್ಲೇ ಜಾಸ್ತಿ ತೆರಿಗೆ ಹಾಕುವ ರಾಜ್ಯಗಳಲ್ಲಿ ನಮ್ಮದೂ ಒಂದು. 9 ಲಕ್ಷದ ಕಾರು ಅಂದುಕೊಳ್ಳಿ. ತೆರಿಗೆ 1,26,000, ಸೆಸ್ 13,860, ಒಟ್ಟು 1,39,860 ರೂಪಾಯಿ. ನೋಂದಣಿ ಶುಲ್ಕ 600. ಸಾಲದ ಕಾರಾದರೆ ಹೈಪೋಥಿಕೇಶನ್‌ಗೆ, ಅಂದರೆ ಸಾಲ ಕೊಟ್ಟ ಬ್ಯಾಂಕಿನ ಹೆಸರನ್ನು ನೋಂದಣಿಯಲ್ಲಿ ಸೇರಿಸುವುದಕ್ಕೆ, 1,500. ಆರ್‌ಸಿ (ನೋಂದಣಿ ಪತ್ರ) ಕಾರ್ಡು ಮತ್ತು ಸಣ್ಣಪುಟ್ಟ ಶುಲ್ಕ ಸೇರಿದರೂ ತೀರಾ ದೂರ ಹೋಗುವುದಿಲ್ಲ. ಹೀಗಿರುವಾಗ ಕೊಟೇಶನ್‌ನಲ್ಲಿ ‘ಆರ್‌ಟಿಒ 1,55,000’ ಅಂತ ಒಂದೇ ಸಾಲಿನಲ್ಲಿ ಬರೆದಿದ್ದರೆ, ಉಳಿದದ್ದು ಎಲ್ಲಿಗೆ ಹೋಗುತ್ತದೆ ಅಂತ ಕೇಳಲೇಬೇಕು ಅಲ್ವಾ? ಕೇಳಿದರೆ ‘ಅದು ಏಜೆಂಟ್ ಖರ್ಚು ಸಾರ್’ ಅನ್ನುತ್ತಾರೆ. ತೆರಿಗೆ ಕಟ್ಟುವುದು ಆನ್‌ಲೈನ್‌ನಲ್ಲಿ, ರಸೀದಿ ಬರುವುದೂ ಆನ್‌ಲೈನ್‌ನಲ್ಲಿ. ‘ರಸೀದಿಯಲ್ಲಿ ಎಷ್ಟಿದೆಯೋ ಅಷ್ಟು ಕೊಡುತ್ತೇನೆ’ ಅನ್ನಿ, ಮಾತು ಅಲ್ಲಿಗೇ ಮುಗಿಯುತ್ತದೆ.

10 ಲಕ್ಷದ ಗೆರೆ ಹತ್ತಿರ ಇರುವವರು ಇನ್ನೂ ಹುಷಾರಾಗಿರಬೇಕು. ಗೆರೆ ದಾಟಿದರೆ ದಾಟಿದಷ್ಟಕ್ಕೆ ಮಾತ್ರ ಅಲ್ಲ, ಇಡೀ ಬೆಲೆಗೆ ಶೇ 17 ಬೀಳುತ್ತದೆ. 9,95,000ದ ಕಾರಿಗೆ ಸೆಸ್ ಸೇರಿ ಸುಮಾರು 1,54,600 ತೆರಿಗೆ. 10,05,000ದ ಕಾರಿಗೆ ಸುಮಾರು 1,89,600. ಬೆಲೆಯಲ್ಲಿ ವ್ಯತ್ಯಾಸ ಹತ್ತು ಸಾವಿರ, ತೆರಿಗೆಯಲ್ಲಿ 35 ಸಾವಿರ! ಜೊತೆಗೆ 10 ಲಕ್ಷ ದಾಟಿದರೆ ಶೇ 1 ಟಿಸಿಎಸ್, ಅಂದರೆ ಮಾರುವವರೇ ಮುಂಗಡವಾಗಿ ವಸೂಲಿ ಮಾಡುವ ಆದಾಯ ತೆರಿಗೆ, ಹಿಡಿಯುತ್ತಾರೆ. ಇದು ಖರ್ಚಲ್ಲ, ನಿಮ್ಮ ಪ್ಯಾನ್ ಹೆಸರಲ್ಲಿ ಜಮಾ ಆಗುವ ದುಡ್ಡು, ಆದಾಯ ತೆರಿಗೆ ರಿಟರ್ನ್ ಸಲ್ಲಿಸಿದರೆ ಹೊಂದಿಕೆ ಆಗುತ್ತದೆ ಅಥವಾ ವಾಪಸ್ ಬರುತ್ತದೆ. ಸನ್‌ರೂಫ್ ಇರುವ ಮಾಡೆಲ್ಲಿಗೆ ‘ಬರೀ ಇಪ್ಪತ್ತು ಸಾವಿರ ಜಾಸ್ತಿ ಮೇಡಮ್’ ಅಂತ ಹೇಳುವ ಹುಡುಗ ಈ ಲೆಕ್ಕವನ್ನೂ ಹೇಳಬೇಕು. ಹೇಳುವುದಿಲ್ಲ.

ಇನ್ನು ಇನ್ಶೂರೆನ್ಸ್. ಜಾಸ್ತಿ ದುಡ್ಡು ಸೋರುವುದು ಇಲ್ಲೇ. ಹೊಸ ಕಾರಿಗೆ ಮೂರು ವರ್ಷದ ಥರ್ಡ್ ಪಾರ್ಟಿ ವಿಮೆ (ನಮ್ಮ ಕಾರಿನಿಂದ ಬೇರೆಯವರಿಗೆ ಆಗುವ ಹಾನಿಗೆ) ಕಡ್ಡಾಯ, 2018ರ ಸೆಪ್ಟೆಂಬರ್‌ನಿಂದ ಹೀಗಿದೆ. ಅದರ ದರ ಸರ್ಕಾರವೇ ನಿಗದಿ ಮಾಡಿದ್ದು. 1000ದಿಂದ 1500 ಸಿಸಿ ನಡುವಿನ ಕಾರಿಗೆ ಮೂರು ವರ್ಷಕ್ಕೆ 10,640 ರೂಪಾಯಿ, ಮೇಲೆ ಜಿಎಸ್‌ಟಿ. ಯಾವ ಕಂಪನಿಗೆ ಹೋದರೂ ಇಷ್ಟೇ. ವ್ಯತ್ಯಾಸ ಆಗುವುದು ನಮ್ಮ ಕಾರಿಗೇ ಹಾನಿಯಾದರೆ ಕೊಡುವ ಓನ್ ಡ್ಯಾಮೇಜ್ ಭಾಗದಲ್ಲಿ. ಅದನ್ನು ಒಂದು ವರ್ಷಕ್ಕೆ ಮಾಡಿಸಿದರೆ ಸಾಕು. ಅಲ್ಲಿ ಒಂದು ಕಂಪನಿ ಒಳ್ಳೆ ರಿಯಾಯಿತಿ ಕೊಡುತ್ತದೆ, ಇನ್ನೊಂದು ಕೊಡುವುದಿಲ್ಲ, ಮತ್ತು ಡೀಲರ್‌ಗೆ ಸಿಗುವ ಕಮಿಷನ್ನೂ ಅಲ್ಲೇ ಇದೆ.

ನನ್ನ ತಂಗಿ ಮನೆಯವರು ಕಾರು ತೆಗೆದುಕೊಂಡಾಗ ಶೋರೂಮಿನವರು ವಿಮೆಗೆ 52 ಸಾವಿರ ಬರೆದಿದ್ದರು. ಅದೇ ಐಡಿವಿ (ವಿಮೆಗೆ ಹಿಡಿಯುವ ಕಾರಿನ ಬೆಲೆ), ಅದೇ ಝೀರೋ ಡೆಪ್ರಿಸಿಯೇಶನ್ (ಬಿಡಿಭಾಗದ ಸವಕಳಿ ಕಳೆಯದೆ ಪರಿಹಾರ ಕೊಡುವುದು), ಅದೇ ಎಂಜಿನ್ ರಕ್ಷಣೆ ಹಾಕಿ ಹೊರಗೆ ಕೇಳಿದರೆ 38 ಸಾವಿರ. ತೋರಿಸಿದ್ದಕ್ಕೆ ಮೊದಲು ಬಂದ ಉತ್ತರ, ‘ಹೊರಗಡೆ ಮಾಡಿಸಿದರೆ ಕ್ಯಾಶ್‌ಲೆಸ್ ಆಗಲ್ಲ.’ ಅಂದರೆ ರಿಪೇರಿ ದುಡ್ಡನ್ನು ವಿಮಾ ಕಂಪನಿ ನೇರ ವರ್ಕ್‌ಶಾಪಿಗೆ ಕಟ್ಟುವುದಿಲ್ಲ ಅಂತ. ಇದು ಸುಳ್ಳು. ಆ ವಿಮಾ ಕಂಪನಿಯ ನೆಟ್‌ವರ್ಕಿನಲ್ಲಿ ವರ್ಕ್‌ಶಾಪ್ ಇದ್ದರೆ ಕ್ಯಾಶ್‌ಲೆಸ್ ಆಗುತ್ತದೆ, ಪಾಲಿಸಿ ಎಲ್ಲಿ ಮಾಡಿಸಿದಿರಿ ಅನ್ನುವುದು ಲೆಕ್ಕಕ್ಕೆ ಬರುವುದಿಲ್ಲ. ಎರಡನೇ ಉತ್ತರ, ‘ಹಾಗಾದರೆ ಡಿಸ್ಕೌಂಟ್ ಕೊಡೋಕೆ ಆಗಲ್ಲ.’ ಇದಂತೂ ಬೆದರಿಕೆ. ಡೀಲರ್ ತನ್ನಲ್ಲೇ ವಿಮೆ ಮಾಡಿಸು ಎಂದು ಗ್ರಾಹಕನನ್ನು ಬಲವಂತ ಮಾಡುವಂತಿಲ್ಲ ಎಂದು ವಿಮಾ ನಿಯಂತ್ರಣ ಪ್ರಾಧಿಕಾರ 2017ರಲ್ಲೇ ನಿಯಮ ತಂದಿದೆ. ಅದನ್ನು ಹೇಳಿ, ಹೊರಗಿನ ಕೊಟೇಶನ್ ಮೇಜಿನ ಮೇಲೆ ಇಟ್ಟ ಮೇಲೆ ಅದೇ ಶೋರೂಮಿನವರೇ 39 ಸಾವಿರಕ್ಕೆ ಇಳಿದರು. ಹದಿಮೂರು ಸಾವಿರ ರೂಪಾಯಿ! ನನ್ನ ತಂಗಿ ಖಾಸಗಿ ಶಾಲೆಯ ಟೀಚರ್, ಅವಳಿಗೆ ಅದು ಹೆಚ್ಚುಕಡಿಮೆ ಒಂದು ತಿಂಗಳ ಸಂಬಳ. ಕೇಳದೇ ಇದ್ದಿದ್ದರೆ ಹೋಗಿಬಿಡುತ್ತಿತ್ತು. ಕೇಳುವುದಕ್ಕೆ ಯಾರೂ ಇಲ್ಲದವರ ಗತಿ ಏನು ಎಂಬ ಪ್ರಶ್ನೆ ನನ್ನನ್ನು ಬಿಟ್ಟಿಲ್ಲ.

ಒಂದು ಮಾತು ಗಮನಿಸಿ. ಹೊರಗಿನ ವಿಮೆ ಅಗ್ಗ ಅಂತ ಐಡಿವಿ ಇಳಿಸಿ ತೋರಿಸುವವರೂ ಇದ್ದಾರೆ. ಹೊಸ ಕಾರಿಗೆ ಐಡಿವಿ ಸಾಮಾನ್ಯವಾಗಿ ಎಕ್ಸ್ ಶೋರೂಮ್ ಬೆಲೆಗಿಂತ ಶೇ 5 ಕಡಿಮೆ ಇರುತ್ತದೆ. ಅದಕ್ಕಿಂತ ಕೆಳಗಿದ್ದರೆ ಆ ಅಗ್ಗ ಅಗ್ಗವಲ್ಲ.

ಹ್ಯಾಂಡ್ಲಿಂಗ್ ಚಾರ್ಜ್ ಬಗ್ಗೆ ಜಾಸ್ತಿ ಬರೆಯುವುದಿಲ್ಲ. ಕೆಲವರು ಲಾಜಿಸ್ಟಿಕ್ಸ್ ಅನ್ನುತ್ತಾರೆ, ಕೆಲವರು ಡಿಪೋ ಚಾರ್ಜ್ ಅನ್ನುತ್ತಾರೆ. ಇದು ಸರ್ಕಾರಕ್ಕೆ ಹೋಗುವ ದುಡ್ಡಲ್ಲ. ಕಾರು ಶೋರೂಮಿಗೆ ಬರುವ ಖರ್ಚು ಎಕ್ಸ್ ಶೋರೂಮ್ ಬೆಲೆಯೊಳಗೇ ಇದೆ. ತೆಗೆಸಿ, ಅಷ್ಟೇ. ಆಕ್ಸೆಸರಿ ಕಿಟ್ ಕೂಡ ಹಾಗೇ. ಮ್ಯಾಟು, ಮಡ್ ಫ್ಲಾಪು, ಸೀಟ್ ಕವರ್ ಬೇಕಿದ್ದರೆ ನಮ್ಮೂರ ಅಂಗಡಿಯಲ್ಲೂ ಸಿಗುತ್ತವೆ. ‘ಕಿಟ್ ತಗೊಳ್ಳದಿದ್ದರೆ ಡೆಲಿವರಿ ತಡ ಆಗುತ್ತೆ’ ಅನ್ನುವುದನ್ನು ಬರೆದು ಕೊಡಿ ಅಂದರೆ ಯಾರೂ ಬರೆದು ಕೊಡುವುದಿಲ್ಲ.

ಯಾವಾಗ ಕೊಳ್ಳಬೇಕು ಅನ್ನುವುದರಲ್ಲೂ ದುಡ್ಡಿದೆ. ಆಯುಧಪೂಜೆಗೆ ಕಾರು ಮನೆ ಮುಂದೆ ನಿಂತು ಪೂಜೆ ಆಗಬೇಕು ಅನ್ನುವ ಆಸೆ ತಪ್ಪಲ್ಲ, ನನಗೂ ಇದೆ. ಆದರೆ ಆ ವಾರ ಶೋರೂಮಿನಲ್ಲಿ ಕಾಲಿಡಲು ಜಾಗ ಇರುವುದಿಲ್ಲ, ನಿಮಗೆ ಯಾಕೆ ಬೆಲೆ ಇಳಿಸುತ್ತಾರೆ? ಆಷಾಢದಲ್ಲಿ ಹೋಗಿ ನೋಡಿ. ಪಿತೃಪಕ್ಷದಲ್ಲಿ ಹೋಗಿ ನೋಡಿ. ಧನುರ್ಮಾಸ ಡಿಸೆಂಬರ್ ನಡುವೆ ಶುರುವಾಗುತ್ತದೆ, ಜನ ಹೊಸ ವಸ್ತು ಕೊಳ್ಳಲು ಹಿಂದೆಮುಂದೆ ನೋಡುವ ಹೊತ್ತಿಗೇ ಡೀಲರ್‌ಗೆ ವರ್ಷದ ಸ್ಟಾಕ್ ಖಾಲಿ ಮಾಡುವ ಅವಸರ. ನಂಬಿಕೆ ಬಿಡಿ ಅಂತ ನಾನು ಹೇಳುತ್ತಿಲ್ಲ. ಬೆಲೆ ಮಾತಾಡಿ, ಬರೆಸಿಕೊಂಡು, ಬುಕ್ ಮಾಡಿ, ಡೆಲಿವರಿ ಒಳ್ಳೆ ದಿನ ನೋಡಿ ತೆಗೆದುಕೊಳ್ಳಬಹುದಲ್ಲ. ಆ ಬೆಲೆ ಡೆಲಿವರಿ ದಿನದವರೆಗೂ ನಡೆಯುತ್ತದೆ ಎಂದು ಬರೆಸಿಕೊಳ್ಳುವುದು ಮುಖ್ಯ. ಆದರೆ ವರ್ಷದ ಕೊನೆಯ ರಿಯಾಯಿತಿಯಲ್ಲಿ ಕಾರು ತಯಾರಾದ ತಿಂಗಳು ನೋಡದೆ ದುಡ್ಡು ಕಟ್ಟಬೇಡಿ. ಕಾರು ತಯಾರಿಸಿದ ಕಂಪನಿ ಕೊಡುವ ಫಾರಂ 22 ಎಂಬ ಪ್ರಮಾಣಪತ್ರದಲ್ಲಿ ಅದು ಇರುತ್ತದೆ, ಮುಂದೆ ಆರ್‌ಸಿಯಲ್ಲೂ ಅದೇ ಬರುತ್ತದೆ, ಮಾರುವಾಗ ಕೊಳ್ಳುವವನು ಮೊದಲು ನೋಡುವುದೂ ಅದನ್ನೇ. ಎಂಟು ತಿಂಗಳು ಅಂಗಳದಲ್ಲಿ ನಿಂತ ಕಾರಿಗೆ ಹದಿನೈದು ಸಾವಿರ ರಿಯಾಯಿತಿ ದೊಡ್ಡದೇನಲ್ಲ, ಇನ್ನೂ ಕೇಳಬೇಕು.

ಒಂದೇ ಶೋರೂಮಿಗೆ ಅಂಟಿಕೊಳ್ಳುವುದೂ ಬೇಡ. ಹಾಸನದವರು ಮೈಸೂರಿನಲ್ಲಿ ಕೇಳಬಹುದು, ದಾವಣಗೆರೆಯವರು ಹುಬ್ಬಳ್ಳಿಯಲ್ಲಿ ಕೇಳಬಹುದು. ರಾಜ್ಯದೊಳಗೆ ಎಲ್ಲಿ ಕೊಂಡರೂ ನಮ್ಮೂರ ವಿಳಾಸಕ್ಕೆ ನೋಂದಣಿ ಮಾಡಿಸಬಹುದು, ಸರ್ವಿಸ್‌ಗೆ ನಮ್ಮೂರ ವರ್ಕ್‌ಶಾಪಿಗೇ ಹೋಗಬಹುದು. ಫೋನಿನಲ್ಲಿ ಹೇಳಿದ ಬೆಲೆ ನಂಬಬೇಡಿ, ವಾಟ್ಸ್ಆ್ಯಪ್‌ನಲ್ಲಾದರೂ ಬರೆಸಿಕೊಳ್ಳಿ. ಒಂದೇ ವೇರಿಯಂಟ್, ಒಂದೇ ಬಣ್ಣ ಇಟ್ಟು ಎರಡು ಊರಿನ ಆನ್ ರೋಡ್ ಬೆಲೆ ಅಕ್ಕಪಕ್ಕ ಇಟ್ಟರೆ ಯಾವ ಸಾಲಿನಲ್ಲಿ ಉಬ್ಬಿಸಿದ್ದಾರೆ ಅಂತ ಕಣ್ಣಿಗೇ ಕಾಣುತ್ತದೆ. ಹಳೆ ಕಾರು ಎಕ್ಸ್‌ಚೇಂಜ್ ಮಾಡುವವರು ಅದರ ಬೆಲೆಯನ್ನು ಹೊಸ ಕಾರಿನ ಮಾತು ಮುಗಿದ ಮೇಲೆ ಬೇರೆಯಾಗಿ ಮಾತಾಡಬೇಕು. ಎರಡನ್ನೂ ಒಟ್ಟಿಗೆ ಬೆರೆಸಿದರೆ ಒಂದರಲ್ಲಿ ಕೊಟ್ಟು ಇನ್ನೊಂದರಲ್ಲಿ ಕಿತ್ತುಕೊಳ್ಳುತ್ತಾರೆ. ಸಾಲವೂ ಅಷ್ಟೇ, ನಿಮ್ಮ ಬ್ಯಾಂಕಿನ ಬಡ್ಡಿ ದರ ಕೇಳಿಕೊಂಡೇ ಹೋಗಿ, ಯಾಕೆಂದರೆ ಶೋರೂಮಿನಲ್ಲಿ ಕೂತ ಫೈನಾನ್ಸ್ ಮನುಷ್ಯ ತರುವ ಸಾಲದಲ್ಲೂ ಡೀಲರ್‌ಗೆ ಪಾಲು ಇರುತ್ತದೆ.

ಡೀಲರ್‌ಗಳ ಕಷ್ಟ ನನಗೆ ತಿಳಿಯದ್ದಲ್ಲ. ಕಂಪನಿಗಳು ಕೊಡುವ ಮಾರ್ಜಿನ್ ಕಡಿಮೆ, ಬಾಡಿಗೆ, ಸಂಬಳ, ಸ್ಟಾಕಿನ ಮೇಲೆ ಬಡ್ಡಿ, ಎಲ್ಲ ಇದೆ. ಬಿಸಿಲಲ್ಲಿ ಟೆಸ್ಟ್ ಡ್ರೈವ್ ಕೊಡುವ ಸೇಲ್ಸ್ ಹುಡುಗರಿಗೆ ತಿಂಗಳ ಟಾರ್ಗೆಟ್ ಕತ್ತಿನ ಮೇಲೆ ಕೂತಿರುತ್ತದೆ, ಅವರ ಮೇಲೆ ಕೂಗಾಡುವುದರಲ್ಲಿ ಅರ್ಥವೂ ಇಲ್ಲ, ಮರ್ಯಾದೆಯೂ ಅಲ್ಲ. ಮಾರ್ಜಿನ್ ಸಾಲದಿದ್ದರೆ ಕಂಪನಿಯ ಹತ್ತಿರ ಕೇಳಲಿ. ಗ್ರಾಹಕನ ಕೈಗೆ ಇಂಗ್ಲಿಷಿನಲ್ಲಿ ಒಟ್ಟು ಮೊತ್ತದ ಚೀಟಿ ಕೊಟ್ಟು ಸಹಿ ಹಾಕಿಸುವುದು ಅದಕ್ಕೆ ದಾರಿಯಲ್ಲ.

ಸಾರಿಗೆ ಇಲಾಖೆ ಮನಸ್ಸು ಮಾಡಿದರೆ ಇದು ಒಂದು ಹಾಳೆಯಲ್ಲಿ ಆಗುವ ಕೆಲಸ. ರಾಜ್ಯದ ಪ್ರತಿ ಶೋರೂಮಿಗೂ ಒಂದೇ ನಮೂನೆಯ ಕೊಟೇಶನ್ ಕೊಡಿ, ಕನ್ನಡದಲ್ಲಿ. ಮೇಲಿನ ಭಾಗದಲ್ಲಿ ಕಡ್ಡಾಯವಾದವು: ಕಾರಿನ ಬೆಲೆ, ತೆರಿಗೆ, ಸೆಸ್, ನೋಂದಣಿ, ಥರ್ಡ್ ಪಾರ್ಟಿ ವಿಮೆ. ಕೆಳಗಿನ ಭಾಗದಲ್ಲಿ ಬೇಕಿದ್ದರೆ ಮಾತ್ರ ಕೊಳ್ಳುವಂಥವು, ಪ್ರತಿಯೊಂದರ ಮುಂದೆ ಬೇಕು ಅಥವಾ ಬೇಡ ಎಂದು ಗ್ರಾಹಕನೇ ಗುರುತು ಹಾಕುವ ಜಾಗ. ನೋಂದಣಿ ಅರ್ಜಿಯ ಜೊತೆ ಇದರ ಪ್ರತಿಯೂ ಆರ್‌ಟಿಒ ಕಚೇರಿಗೆ ಹೋಗಲಿ. ಈ ಬೇಡಿಕೆಯನ್ನು ನಿಮ್ಮ ಪತ್ರಿಕೆ ಸಾರಿಗೆ ಸಚಿವರ ಮುಂದಿಟ್ಟು ಉತ್ತರ ಕೇಳಬೇಕು ಎಂದು ವಿನಂತಿ.

ಈಗಾಗಲೇ ಕಾರು ತೆಗೆದುಕೊಂಡು ಹ್ಯಾಂಡ್ಲಿಂಗ್ ಚಾರ್ಜೋ ಬೇಡದ ಕಿಟ್ಟೋ ಕಟ್ಟಿದವರು ಬಿಲ್ಲು, ರಸೀದಿ, ವಾಟ್ಸ್ಆ್ಯಪ್ ಮಾತು ಎಲ್ಲ ತೆಗೆದಿಡಿ. ಮೊದಲು ಡೀಲರ್‌ಗೂ ಕಂಪನಿಗೂ ಇಮೇಲ್ ಮಾಡಿ. ಉತ್ತರ ಬಾರದಿದ್ದರೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ಕರೆ ಮಾಡಿ. ಅಲ್ಲೂ ಆಗದಿದ್ದರೆ ನೀವು ವಾಸವಿರುವ ಜಿಲ್ಲೆಯ ಗ್ರಾಹಕ ಆಯೋಗದಲ್ಲೇ ದೂರು ಕೊಡಬಹುದು, ಡೀಲರ್ ಬೇರೆ ಊರಿನವನಾದರೂ ಸರಿ. 5ರಿಂದ 10 ಲಕ್ಷದ ಕಾರಿಗೆ ದೂರಿನ ಶುಲ್ಕ 200 ರೂಪಾಯಿ, 10ರಿಂದ 20 ಲಕ್ಷದ್ದಕ್ಕೆ 400. ವಕೀಲರು ಇರಲೇಬೇಕು ಅಂತಿಲ್ಲ. ಎರಡು ವರ್ಷದೊಳಗೆ ದೂರು ಹಾಕಿರಬೇಕು.

ಇಂತಿ,
ನಿಮ್ಮ ಓದುಗ, ಹಾಸನ