ರವಿವಾರದ ಸಭೆ: ಈಜುಗೊಳ ಮೊದಲೋ, ಗಟಾರ ಮೊದಲೋ

ಓಣಿಯ ಹಿರಿಯರಿಗೆ, ಅಕ್ಕ-ತಂಗಿಯರಿಗೆ ನಮಸ್ಕಾರ್ರೀ.

ಬರೋ ರವಿವಾರ ಮುಂಜಾನೆ 8ಕ್ಕ ಹನುಮಪ್ಪನ ಗುಡಿ ಕಟ್ಟಿಗೆ ಬರ್ರಿ. ನಮ್ಮ ಓಣಿಗೆ ಮೊದಲು ಈಜುಗೊಳ ಕೇಳೋದೋ, ಗಟಾರ ಕೇಳೋದೋ ಅಂತ ಠರಾಯಿಸಿ ಪಾಲಿಕೆಗೆ ಅರ್ಜಿ ಕೊಡೋದದ. ಪಾಲಿಕೆಯ ಹೊಸ ವರ್ಷದ ಲೆಕ್ಕ ಏಪ್ರಿಲ್ 1ಕ್ಕ ಶುರು ಆಗ್ತದ. ಬಜೆಟ್ ಆದಮ್ಯಾಲೆ ಅರ್ಜಿ ಹಿಡಕೊಂಡು ಅಡ್ಡಾಡಿದರ ‘ಮುಂದಿನ ವರ್ಷ ನೋಡೋಣು’ ಅಂತಾರ.

ಹುಡುಗರು ಈಜುಗೊಳ ಬೇಕಂತಾರ. ವಿಜಯಪುರದ ಬಿಸಿಲಿಗೆ ಯಾರಿಗೆ ಬ್ಯಾಡ ಹೇಳ್ರಿ! ಆದರ ಲೆಕ್ಕ ನೋಡ್ರಿ: 25 ಮೀಟರ್ ಉದ್ದ, 12.5 ಮೀಟರ್ ಅಗಲ, ಸರಾಸರಿ ಒಂದೂವರೆ ಮೀಟರ್ ಆಳ ಅಂದರ ಸುಮಾರು 4.7 ಲಕ್ಷ ಲೀಟರ್. ತಲೆಗೆ ದಿನಕ್ಕ 135 ಲೀಟರ್ ಹಿಡಿದರ 3,400ಕ್ಕೂ ಹೆಚ್ಚು ಮಂದಿಯ ಒಂದು ದಿನದ ನೀರು. ಅದೂ ಬರೇ ಒಮ್ಮೆ ತುಂಬಲಿಕ್ಕ. ನೀರು ಸೋಸೋ ಯಂತ್ರ, ಕ್ಲೋರಿನ್, ಕರೆಂಟ್ ಬಿಲ್, ಕಾವಲಿನವರ ಪಗಾರ ವರ್ಷಾ ಬರೋ ಖರ್ಚು. ಕಟ್ಟಲಿಕ್ಕ ರೊಕ್ಕ ಎಲ್ಲಿಂದರೆ ಬಂದೀತು, ನಡೆಸಲಿಕ್ಕ ಯಾರು ಕೊಡ್ತಾರ? (1620ರ ತಾಜ್ ಬಾವಡಿ ಅನ್ನೋ ಹಳೇ ದೊಡ್ಡ ಬಾವಿ ಊರಾಗೇ ಅದ, ಅದರ ಹೂಳು-ಕಸಾ ತೆಗಸೋದರಾಗೇ ಸಾಕಾಗ್ತದ.)

ನನ್ನ ಮತ ಗಟಾರಕ್ಕ. ಒಪ್ಪದವರು ತಪ್ಪದೇ ಬರ್ರಿ, ಎದುರಾ ಎದುರು ಜಗಳಾಡೋಣು. ನಳದ ನೀರು ಬಂದ ದಿನ ಬರೆದಿಟ್ಟವರು ಆ ವಹಿ ತರ್ರಿ. ಅಲ್ಲೀತನಕ ಗುಡ್ ಮಾರ್ನಿಂಗ್ ಫೋಟೋ ಹಾಕಬ್ಯಾಡ್ರಿ, ಸೂಚನೆ ಮ್ಯಾಲೆ ಹೋಗಿಬಿಡ್ತದ.