ನಾಯಿಗಿಂತ ಮೊದಲು ಬಾಗಿಲಿನ ಕೊಂಡಿ

ಪೆರ್ಲ
ಜೂನ್ 2025

ಪ್ರೀತಿಯ ಮಗಳೇ,

ನೀವು ಮನೆಗೆ ತರಬೇಕೆಂದಿರುವ ಮಂಗಳೂರಿನ ಆ ಪಿಟ್‌ಬುಲ್ ನಾಯಿಯ ವಿಡಿಯೋ ಕಳಿಸಿದ್ದೆಯಲ್ಲ, ಐದಾರು ಸಲ ನೋಡಿದೆ. ದೊಡ್ಡಮ್ಮನಿಗೂ ತೋರಿಸಿದೆ. "ಪಾಪದ ನಾಯಿ, ಕಣ್ಣು ನೋಡಿ" ಎಂದಳು. ಪಾಪದ್ದು ಹೌದು. ಕಿವಿ ಕತ್ತರಿಸಿದ್ದಾರೆ, ಕುತ್ತಿಗೆಯಲ್ಲಿ ಸಂಕೋಲೆಯ ಗುರುತು ಇನ್ನೂ ಹೋಗಿಲ್ಲ, ಮರಿ ಹಾಕಿಸಿ ಹಾಕಿಸಿ ಹೊಟ್ಟೆ ಜೋತುಬಿದ್ದಿದೆ. ಅಂಥದ್ದನ್ನು ಮನೆಗೆ ತರಬೇಕು ಅಂತ ನಿನಗೆ ಅನಿಸಿತಲ್ಲ, ನನಗೆ ಸಂತೋಷವೇ.

ಫೋನಿನಲ್ಲಿ ಹೇಳಿದರೆ ಅರ್ಧ ಕೇಳುವಷ್ಟರಲ್ಲಿ ಸಣ್ಣವನು ಅಳುತ್ತಾನೆ. ಅದಕ್ಕೇ ಬರೆಯುತ್ತಿದ್ದೇನೆ. ಅಳಿಯಂದಿರಿಗೂ ಓದಲು ಕೊಡು.

ಮೊದಲು ಆ ವಿಡಿಯೋದ ವಿಷಯ. ನಿನ್ನ ಮಕ್ಕಳಲ್ಲಿ ದೊಡ್ಡವಳು ನಾಯಿಯ ಕುತ್ತಿಗೆಗೆ ಕೈ ಹಾಕಿ ಅಪ್ಪಿಕೊಳ್ಳುತ್ತಾಳೆ. ಹಿಂದಿನಿಂದ ಯಾರೋ "ಎಷ್ಟು ಚಂದ" ಎನ್ನುತ್ತಾರೆ. ನೀನು ನಾಯಿಯ ಮುಖ ನೋಡಿದ್ದೀಯಾ? ಇನ್ನೊಮ್ಮೆ ಹಾಕಿ ನೋಡು. ಅವಳ ಕೈ ತಾಗಿದ ಕೂಡಲೇ ಅದು ಮುಖ ಆಚೆ ತಿರುಗಿಸುತ್ತದೆ. ನಾಲಗೆ ಒಂದು ಸಲ ಮೂಗಿನ ತನಕ ಬಂದು ಒಳಗೆ ಹೋಗುತ್ತದೆ. ಅಲ್ಲಿ ತಿನ್ನುವಂಥದ್ದು ಏನೂ ಇಲ್ಲ. ಆಮೇಲೆ ಕಣ್ಣಿನ ಮೂಲೆಯಲ್ಲಿ ಬಿಳಿ ಕಾಣುತ್ತದೆ, ಬಾಯಿ ಮುಚ್ಚುತ್ತದೆ, ಮೈ ಕೊರಡಿನ ಹಾಗೆ ಬಿಗಿಯುತ್ತದೆ. ನಾಲ್ಕೈದು ಸೆಕೆಂಡ್ ಅಷ್ಟೆ. ಅದು ಪ್ರೀತಿಯಲ್ಲ ಮಗಳೇ. "ಸಾಕು, ಬಿಡು" ಅಂತ ಅದು ತನಗೆ ಗೊತ್ತಿದ್ದ ಹಾಗೆ ಹೇಳುತ್ತಿದೆ. ಕಚ್ಚದೆ ಸಹಿಸಿಕೊಂಡದ್ದು ಅದರ ಒಳ್ಳೇತನ. ಆದರೆ ಅಲ್ಲಿದ್ದ ದೊಡ್ಡವರಲ್ಲಿ ಒಬ್ಬರಿಗೂ ಅದು ಗೊತ್ತಾಗಲಿಲ್ಲ. ನನ್ನ ಚಿಂತೆ ಅಲ್ಲಿಂದ ಶುರು.

ಇದನ್ನೆಲ್ಲ ನೋಡಲು ನಾನು ಕಲಿತದ್ದು ತಡವಾಗಿ, ಅದೂ ನಿನ್ನಿಂದಾಗಿ. ನಿನ್ನ ಎಡ ಹುಬ್ಬಿನ ಮೇಲಿನ ಗೀರು ದಾಸು ಕಚ್ಚಿದ್ದು ಅಂತ ನಿನಗೆ ಗೊತ್ತು. "ಸುಮ್ನೆ ಇದ್ದ ನಾಯಿ, ಏಕಾಏಕಿ ಕಚ್ಚಿತಂತೆ" ಅಂತ ನೀನು ಎಲ್ಲರಿಗೂ ಹೇಳುತ್ತೀಯ. ಹಾಗೆ ಹೇಳಿಕೊಟ್ಟವರು ನಾವು. ಅದು ನಿಜ ಅಲ್ಲ. ಮೂವತ್ತು ವರ್ಷ ದಾಟಿತು, ಈಗಲಾದರೂ ನಾನು ಸರಿಯಾಗಿ ಹೇಳಬೇಕು.

ಅದು 1994. ಅಂಗಳ ತುಂಬ ಅಡಕೆ ಒಣಗಲು ಹಾಕಿತ್ತು. ನಿನಗೆ ಮೂರು ವರ್ಷ. ದಾಸು ಊರಿನ ನಾಯಿ, ನೀನು ಹುಟ್ಟುವ ಮುಂಚಿನಿಂದ ಮನೆಯಲ್ಲಿದ್ದದ್ದು. ನಿನ್ನ ತೊಟ್ಟಿಲಿನ ಅಡಿಯಲ್ಲೇ ಮಲಗುತ್ತಿತ್ತು. ಉಣ್ಣುವಾಗ ಯಾರಾದರೂ ಹತ್ತಿರ ಹೋದರೆ ಮಾತ್ರ ಗುರ್ ಎನ್ನುತ್ತಿತ್ತು. ಅನ್ನ ಹಾಕಿದವರಿಗೇ ಗುರ್ ಎನ್ನುವುದಾ ಅಂತ ನನಗೆ ಸಿಟ್ಟು. ಬೆತ್ತ ತೆಗೆದುಕೊಂಡು ಬಾರಿಸಿದೆ. ಒಂದು ದಿನ ಅಲ್ಲ, ಹತ್ತು ಹದಿನೈದು ದಿನ. ಗುರ್ ನಿಂತಿತು. ನಾಯಿಗೆ ಬುದ್ಧಿ ಬಂತು ಅಂತ ಮನೆಯಲ್ಲಿ ಹೆಮ್ಮೆಯಿಂದ ಹೇಳಿಕೊಂಡೆ.

ಆ ಮಧ್ಯಾಹ್ನ ನಿನ್ನನ್ನು ನೋಡಿಕೊಳ್ಳಬೇಕಾಗಿದ್ದವನು ನಾನು. ಅಡಕೆಗೆ ಕೈಯಾಡಿಸಲು ಅಂಗಳದ ಆ ಕೊನೆಗೆ ಹೋದೆ. ಎರಡು ನಿಮಿಷ ಇರಬಹುದು. ದನದ ಹಟ್ಟಿಯ ಬದಿಯಲ್ಲಿ ದಾಸು ಅಡಕೆ ಹಾಳೆಯಲ್ಲಿ ಹಾಕಿದ ಮಜ್ಜಿಗೆ ಅನ್ನ ಉಣ್ಣುತ್ತಿತ್ತು. ನೀನು ಕೈಯಲ್ಲಿ ದೋಸೆ ತುಂಡು ಹಿಡಿದುಕೊಂಡು ಹೋಗಿ ಅದರ ಎದುರು ಕುಕ್ಕರಗಾಲಿನಲ್ಲಿ ಕೂತೆ. ಅಜ್ಜಿ ಜಗಲಿಯಿಂದ ನೋಡಿದ್ದಾರೆ. "ನಾಯಿ ಉಣ್ಣುವುದು ನಿಲ್ಲಿಸಿತು, ತಲೆ ಎತ್ತಲಿಲ್ಲ, ಬಾಲ ಅಲ್ಲಾಡಲಿಲ್ಲ, ನಾನು ಕೂಗುವಷ್ಟರಲ್ಲಿ ಆಗಿಹೋಯಿತು" ಎಂದರು. ಗುರ್ ಎನ್ನಲೇ ಇಲ್ಲ. ಎನ್ನಬಾರದು ಅಂತ ಹೊಡೆದು ಕಲಿಸಿದವನು ನಾನೇ ಅಲ್ವಾ.

ಹೊಕ್ಕುಳ ಸುತ್ತ 14 ಇಂಜೆಕ್ಷನ್. ಆಗ ಸರಕಾರಿ ಆಸ್ಪತ್ರೆಯಲ್ಲಿ ಇದ್ದದ್ದು ಅದೇ. ದಿನಾ ಬಸ್ಸಿನಲ್ಲಿ ಕಾಸರಗೋಡಿಗೆ ಹೊತ್ತುಕೊಂಡು ಹೋದೆ. ಆಸ್ಪತ್ರೆಯ ಮೆಟ್ಟಿಲು ಕಂಡ ಕೂಡಲೇ ನೀನು ನನ್ನ ಅಂಗಿ ಗಟ್ಟಿಯಾಗಿ ಹಿಡಿದುಕೊಳ್ಳುತ್ತಿದ್ದೆ. ದಾಸುವನ್ನು ಹತ್ತು ದಿನ ಕಟ್ಟಿಹಾಕಿ ನೋಡಿದೆವು, ಹುಚ್ಚು ಇರಲಿಲ್ಲ. ಆದರೂ ಇಟ್ಟುಕೊಳ್ಳುವ ಧೈರ್ಯ ಯಾರಿಗೂ ಬರಲಿಲ್ಲ. ಚಂದ್ರಗಿರಿ ಹೊಳೆಯ ಆಚೆ ಒಂದು ತೋಟದವರಿಗೆ ಕೊಟ್ಟೆವು. ಅಲ್ಲಿ ಅದು ಸರಿಯಾಗಿ ಉಣ್ಣಲಿಲ್ಲ. ಆ ಮಳೆಗಾಲ ದಾಟಲಿಲ್ಲ. ತಪ್ಪು ನನ್ನದು, ಅನುಭವಿಸಿದ್ದು ನೀನು ಮತ್ತು ಅದು.

ಹಾಗಾಗಿ ನಿನ್ನ ನಾಯಿ ಒಳ್ಳೆಯದೋ ಕೆಟ್ಟದ್ದೋ ಅಂತ ನಾನು ಕೇಳುವುದಿಲ್ಲ. ದಾಸುವೂ ಒಳ್ಳೆಯ ನಾಯಿಯೇ. ನಿಮ್ಮ ಮನೆಯಲ್ಲಿ ಒಂದು ಬಾಗಿಲಿನ ಕೊಂಡಿಯನ್ನು ದಿನಾ, ಮುಂದಿನ ಹತ್ತು ವರ್ಷ, ಯಾರಾದರೊಬ್ಬರು ಮರೆಯದೆ ಹಾಕುತ್ತಾರಾ? ಇದು ನನ್ನ ಪ್ರಶ್ನೆ.

ಪಿಟ್‌ಬುಲ್ ಅಂದ ಕೂಡಲೇ ಕೆಲವರಿಗೆ ಅದು ರಾಕ್ಷಸ, ಕೆಲವರಿಗೆ ಅದು ಹಸುಗೂಸು. ಎರಡನ್ನೂ ಕೇಳಬೇಡ. ಇಂಗ್ಲೆಂಡಿನಲ್ಲಿ ಕಟ್ಟಿಹಾಕಿದ ಗೂಳಿಯ ಮೇಲೆ ನಾಯಿ ಬಿಡುವ ಆಟ ಇತ್ತು. 1835ರಲ್ಲಿ ಕಾನೂನು ಅದನ್ನು ನಿಲ್ಲಿಸಿತು. ಆಮೇಲೆ ಜನ ಗುಟ್ಟಾಗಿ ನಾಯಿಗೂ ನಾಯಿಗೂ ಕಾದಾಟ ಹಚ್ಚಿದರು. ಬುಲ್‌ಡಾಗಿನ ಬಲ, ಟೆರಿಯರ್‌ನ ಚುರುಕು ಸೇರಿಸಿ ಮಾಡಿದ ತಳಿ ಇದು. ನಮ್ಮಲ್ಲಿ ಕೋಳಿ ಅಂಕದ ಹುಂಜವನ್ನು ಆರಿಸಿ ಆರಿಸಿ ಬೆಳೆಸುವುದಿಲ್ವಾ, ಹಾಗೆಯೇ. ಅದರ ದವಡೆಗೆ ಬೀಗ ಬೀಳುತ್ತದೆ ಎನ್ನುವುದು ಸುಳ್ಳು. ಎಲ್ಲ ನಾಯಿಗಳ ದವಡೆ ಕೆಲಸ ಮಾಡುವುದು ಒಂದೇ ರೀತಿ. ಹಿಡಿದದ್ದನ್ನು ಬಿಡದ ಹಟ ಮತ್ತು ಮೈಯ ಬಲ ಮಾತ್ರ ಸುಳ್ಳಲ್ಲ. ದಾಸು ಒಂದು ಸಲ ಕಚ್ಚಿ ಬಿಟ್ಟು ಹಿಂದೆ ಸರಿಯಿತು. ನಿನ್ನ ನಾಯಿ 24 ಕಿಲೋ ಎಂದೆ, ದೊಡ್ಡವಳು ಅದಕ್ಕಿಂತ ಹಗುರ. ನನ್ನ ಎರಡು ನಿಮಿಷಕ್ಕೆ ನಿನಗಾದದ್ದು ಒಂದು ಗೀರು. ಇಲ್ಲಿ ಅಷ್ಟಕ್ಕೇ ನಿಲ್ಲುತ್ತದೆ ಅಂತ ಯಾರೂ ಹೇಳಲಾರರು. 2022ರಲ್ಲಿ ಲಖನೌದಲ್ಲಿ ಮನೆಯಲ್ಲೇ ಸಾಕಿದ ಪಿಟ್‌ಬುಲ್ ತನ್ನನ್ನು ಸಾಕಿದವನ 82 ವರ್ಷದ ತಾಯಿಯನ್ನು ಕೊಂದಿತು.

ಇನ್ನೊಂದು ಸಂಗತಿಯೂ ನಿನಗೆ ಗೊತ್ತಿರಲಿ. 2007ರಲ್ಲಿ ಅಮೆರಿಕದಲ್ಲಿ ಮೈಕಲ್ ವಿಕ್ ಎಂಬ ದೊಡ್ಡ ಫುಟ್‌ಬಾಲ್ ಆಟಗಾರನ ಜಾಗದಲ್ಲಿ ಕಾದಾಟಕ್ಕೆ ಇಟ್ಟಿದ್ದ ಸುಮಾರು ಐವತ್ತು ಪಿಟ್‌ಬುಲ್ ಸಿಕ್ಕಿದವು. ಅಂಥವನ್ನು ಒಟ್ಟಾಗಿ ಕೊಲ್ಲುವುದೇ ಆಗ ಅಲ್ಲಿಯ ರೂಢಿಯಾಗಿತ್ತು. ಆ ಸಲ ಒಂದೊಂದು ನಾಯಿಯನ್ನೂ ಬೇರೆ ಬೇರೆಯಾಗಿ ಪರೀಕ್ಷೆ ಮಾಡಿದರು. ಹೆಚ್ಚಿನವು ಉಳಿದುಕೊಂಡವು. 22 ನಾಯಿಗಳನ್ನು ಯೂಟಾದ ಒಂದು ಆಶ್ರಯಧಾಮ ತೆಗೆದುಕೊಂಡು ವರ್ಷಗಟ್ಟಲೆ ನೋಡಿಕೊಂಡಿತು. ಬೇರೆ ಕಡೆ ಹೋದ ಒಂದಂತೂ ಮಕ್ಕಳು ಪುಸ್ತಕ ಓದುವಾಗ ಪಕ್ಕದಲ್ಲಿ ಕೂರುವ ನಾಯಿಯಾಯಿತು. ಜಾತಿ ನೋಡಿ ತೀರ್ಮಾನ ಮಾಡದೆ ಎದುರಿಗಿದ್ದ ನಾಯಿಯನ್ನೇ ನೋಡಿದರು. ನೀನೂ ಅದನ್ನೇ ಮಾಡು.

ಒಂದು ವಿಡಿಯೋ ನೋಡಿ ಹೂಂ ಎನ್ನಬೇಡ. ಮಂಗಳೂರಿಗೆ ಕಡಿಮೆಯೆಂದರೆ ನಾಲ್ಕು ಸಲ ಹೋಗು, ಮೊದಲ ಎರಡು ಸಲ ಮಕ್ಕಳಿಲ್ಲದೆ. ಅನ್ನದ ಬಟ್ಟಲಿನ ಹತ್ತಿರ ಜನ ಬಂದಾಗ ಅದು ಏನು ಮಾಡುತ್ತದೆ? ಮಗು ಕಿರುಚಿ ಅತ್ತಾಗ? ಬೆಕ್ಕು ಓಡಿದಾಗ? ಮೊದಲು ಯಾರಿಗಾದರೂ ಕಚ್ಚಿದೆಯಾ? ಮರಿಯಾಗದ ಆಪರೇಷನ್ ಆಗಿದೆಯಾ? ನೋಡಿಕೊಳ್ಳುವ ಹುಡುಗರು ಪ್ರೀತಿಯವರೇ ಇರಬಹುದು, ಆದರೆ ನಾಯಿಗೆ ಮನೆ ಸಿಗಲಿ ಎಂಬ ಆತುರ ಅವರಿಗಿರುತ್ತದೆ. "ಚಿಕ್ಕ ಮಕ್ಕಳ ಜೊತೆ ಇದ್ದು ಗೊತ್ತಿಲ್ಲ" ಎಂದರೆ ಆ ಮಾತನ್ನು ನಂಬು. ಆಗ ಈ ನಾಯಿ ಒಂದೂವರೆ ವರ್ಷದ ಮಗುವಿರುವ ಮನೆಗೆ ಈಗ ಬೇಡ. ಸಣ್ಣವನು ಹೇಳಿದ ಮಾತು ಕೇಳುವ ವಯಸ್ಸಿಗೆ ಬಂದ ಮೇಲೆ ಇನ್ನೊಂದು ಪಾಪದ ನಾಯಿ ಸಿಕ್ಕೇ ಸಿಗುತ್ತದೆ.

ಅಳಿಯಂದಿರು ಮೊನ್ನೆ "ತೋಟಕ್ಕೆ ಹಂದಿ ಬರುವುದೂ ನಿಲ್ಲುತ್ತದೆ ಮಾವ" ಎಂದರು. ಆ ಆಲೋಚನೆ ಇದ್ದರೆ ಇವತ್ತೇ ಬಿಡಲಿ. ಕಾಡುಹಂದಿಯ ಕೋರೆಗೆ ಸಿಕ್ಕಿ ಕರುಳು ಹೊರಬಿದ್ದ ನಾಯಿಗಳನ್ನು ನಾನು ನೋಡಿದ್ದೇನೆ. ರಾತ್ರಿ ಹಂದಿಯ ಮೇಲೆ ಛೂ ಬಿಟ್ಟು, ಬೆಳಿಗ್ಗೆ ಮಗುವಿನ ಎದುರು ಮೆತ್ತಗಿರು ಎಂದರೆ ಅದಕ್ಕೆ ಹೇಗೆ ತಿಳಿಯಬೇಕು?

ಕಾಗದಪತ್ರದ ವಿಷಯ ಎರಡು ಮಾತು. 2024ರ ಮಾರ್ಚ್‌ನಲ್ಲಿ ಕೇಂದ್ರ ಸರಕಾರ ಪಿಟ್‌ಬುಲ್ ಸೇರಿ 23 ತಳಿಗಳನ್ನು ತರಿಸುವುದು, ಮರಿ ಮಾಡಿಸುವುದು, ಮಾರುವುದು ನಿಲ್ಲಿಸಿ ಅಂತ ರಾಜ್ಯಗಳಿಗೆ ಬರೆಯಿತು. ಏಪ್ರಿಲ್‌ನಲ್ಲಿ ಕರ್ನಾಟಕ ಹೈಕೋರ್ಟ್ ಅದನ್ನು ರದ್ದು ಮಾಡಿತು. ನಾಯಿ ಇರುವುದು ತಲಪಾಡಿ ಗಡಿಯ ಆಚೆ ಕರ್ನಾಟಕದಲ್ಲಿ, ನೀವು ಇರುವುದು ಈಚೆ ಕೇರಳದ ಕುಂಬಳೆಯಲ್ಲಿ. ಆಚೆಯ ತೀರ್ಪು ಕೇಳಿ ನಿಶ್ಚಿಂತೆಯಿಂದ ಇರಬೇಡ. ಕೇರಳದಲ್ಲಿ ನಾಯಿ ಸಾಕಲು ಪಂಚಾಯತಿನ ಲೈಸೆನ್ಸ್ ಬೇಕು, ಅದಕ್ಕೆ ಹುಚ್ಚುನಾಯಿ ರೋಗದ ಲಸಿಕೆಯ ಸರ್ಟಿಫಿಕೇಟ್ ಬೇಕು. ತರುವ ಮೊದಲೇ ಪಂಚಾಯತಿನಲ್ಲೂ ಮೃಗಾಸ್ಪತ್ರೆಯಲ್ಲೂ ಕೇಳಿಕೊಂಡು ಬಾ. ನಮ್ಮ ಮಳೆಗೆ ಉಣ್ಣಿ ಜಾಸ್ತಿ, ಉಣ್ಣಿಯಿಂದ ನಾಯಿಗೆ ಜ್ವರ ಬರುತ್ತದೆ. ಮಕ್ಕಳು ಬರಿಗಾಲಲ್ಲಿ ಅಂಗಳದಲ್ಲಿ ಆಡುತ್ತಾರೆ, ಹಾಗಾಗಿ ನಾಯಿಗೆ ಹುಳದ ಮದ್ದು ತಪ್ಪಬಾರದು.

ತಂದದ್ದೇ ಆದರೆ ಮೊದಲ ದಿನವೇ ನೆಂಟರನ್ನು ಕರೆದು ತೋರಿಸಬೇಡ. ನಾಯಿ ಬಲ್ಲವರು ಮೂರು ದಿನ, ಮೂರು ವಾರ, ಮೂರು ತಿಂಗಳು ಎನ್ನುತ್ತಾರೆ. ಮೂರು ದಿನ ಅದಕ್ಕೆ ಹೆದರಿಕೆ. ಮೂರು ವಾರಕ್ಕೆ ಮನೆಯ ಕ್ರಮ ಗೊತ್ತಾಗುತ್ತದೆ. ಇದು ನನ್ನ ಮನೆ ಅಂತ ಅನಿಸಲು ಮೂರು ತಿಂಗಳು ಬೇಕು. ನಿಜವಾದ ಸ್ವಭಾವ ಹೊರಗೆ ಬರುವುದೂ ಆಗಲೇ. ಮೊದಲ ವಾರ ಮೆತ್ತಗಿತ್ತು ಅಂತ ನಂಬಿ ಕೂರಬೇಡ.

ಹಿಂದಿನ ಕೋಣೆಯನ್ನು ಅದಕ್ಕೆ ಕೊಡು. ಅನ್ನ ಅಲ್ಲೇ, ಬಾಗಿಲು ಮುಚ್ಚಿ. ನಿದ್ದೆಯೂ ಅಲ್ಲೇ. ಮಕ್ಕಳಿಗೆ ಆ ಕೋಣೆಯೊಳಗೆ ಕೆಲಸ ಇಲ್ಲ. ದಿನವಿಡೀ ಸಂಕೋಲೆಯಲ್ಲಿ ಕಟ್ಟಬೇಡ, ಕಟ್ಟಿದ ನಾಯಿಗೆ ಸಿಟ್ಟು ಏರುತ್ತದೆ. ಬೆಳಿಗ್ಗೆ ಸಂಜೆ ದೊಡ್ಡವರೇ ನಡೆಸಿಕೊಂಡು ಹೋಗಲಿ. ಅದು ಮಕ್ಕಳ ಜೊತೆ ಇರುವಾಗ ಒಬ್ಬ ದೊಡ್ಡವರು ಕೈಗೆಟಕುವಷ್ಟು ಹತ್ತಿರ ಇರಲಿ, ಕೈಯಲ್ಲಿ ಫೋನ್ ಬೇಡ. ಬಟ್ಟೆ ಒಣಗಿಸಲು ಹೋಗುವುದಾದರೂ ನಾಯಿ ಒಳಗೆ, ಕೊಂಡಿ ಮೇಲೆ. ಗುರ್ ಎಂದರೆ ಬೈಯಬೇಡ, ಹೊಡೆಯಬೇಡ. ಮಗುವನ್ನು ಎತ್ತಿಕೊಂಡು ದೂರ ಬಾ. ಅದು ಯಾಕೆ ಹಾಗೆ ಮಾಡಿತು ಅಂತ ಆಮೇಲೆ ಯೋಚಿಸು.

ಅನಂತಪುರ ದೇವಸ್ಥಾನದ ಕೆರೆಯ ಮೊಸಳೆ ಬಬಿಯಾ ನೆನಪಿದೆಯಾ? 2022ರಲ್ಲಿ ಅದು ಸತ್ತಾಗ ನೀನು ಅತ್ತಿದ್ದೆ. ದೇವರ ಮೊಸಳೆ, ಯಾರಿಗೂ ಏನೂ ಮಾಡಿದ್ದಿಲ್ಲ ಅಂತ ನಾವು ಎಲ್ಲರೂ ನಂಬಿದವರೇ. ಕೈ ಮುಗಿದೆವು. ಆದರೂ ನಿನ್ನನ್ನು ಕರೆದುಕೊಂಡು ಹೋದಾಗಲೆಲ್ಲ ನಾನು ಕಟ್ಟೆಯ ಈಚೆಯೇ ಗಟ್ಟಿಯಾಗಿ ಕೈ ಹಿಡಿದು ನಿಂತಿದ್ದೆ. ನಂಬಿಕೆ ಇತ್ತು, ಕೈಯನ್ನೂ ಬಿಡಲಿಲ್ಲ. ದಾಸುವಿನ ಆ ಮಧ್ಯಾಹ್ನದ ಮೇಲೆ ನಾನು ಕಲಿತದ್ದು ಅಷ್ಟೇ.

ಹಲ್ಲು ತಾಗಿದರೆ, ನಿಮ್ಮದೇ ನಾಯಿಯಾದರೂ, ಹರಿಯುವ ನೀರು ಮತ್ತು ಸಾಬೂನಿನಲ್ಲಿ 15 ನಿಮಿಷ ತೊಳೆ. ಅರಿಶಿನ, ಸುಣ್ಣ ಏನೂ ಹಚ್ಚಬೇಡ. ಕೂಡಲೇ ಆಸ್ಪತ್ರೆಗೆ ಹೋಗು. ಈಗ ತೋಳಿಗೆ ಲಸಿಕೆ, ಹೊಟ್ಟೆಗೆ ಚುಚ್ಚುವುದಿಲ್ಲ. ಚರ್ಮ ಹರಿದು ರಕ್ತ ಬಂದಿದ್ದರೆ ಗಾಯಕ್ಕೇ ಹಾಕುವ ಇನ್ನೊಂದು ಮದ್ದಿದೆ, ಅದನ್ನು ಕೇಳಿ ಹಾಕಿಸು. ಮಕ್ಕಳು ಗಿಡ್ಡ, ನಾಯಿಯ ಬಾಯಿ ತಾಗುವುದು ಮುಖಕ್ಕೇ. ತಲೆ, ಮುಖದ ಗಾಯದಿಂದ ಹುಚ್ಚುನಾಯಿ ರೋಗದ ವೈರಸ್ ಬೇಗ ಮಿದುಳು ಸೇರುತ್ತದೆ. ಈ ವರ್ಷ ಕೇರಳದಲ್ಲಿ ಲಸಿಕೆ ತೆಗೆದುಕೊಂಡ ಮಕ್ಕಳೂ ತೀರಿಕೊಂಡದ್ದನ್ನು ಪೇಪರಿನಲ್ಲಿ ಓದಿರುತ್ತೀಯ.

ನೆರೆಮನೆಯವರ ಹೆದರಿಕೆಯನ್ನು ಹಗುರವಾಗಿ ತೆಗೆದುಕೊಳ್ಳಬೇಡ. ಪರಶ್ಶಿನಿಕಡವಿನ ಮುತ್ತಪ್ಪ ದೇವರ ಸನ್ನಿಧಿಯಲ್ಲಿ ನಾಯಿಗೆ ಮರ್ಯಾದೆ ಕೊಡುವ ಜನ ನಾವು. ಅದೇ ಕಣ್ಣೂರು ಜಿಲ್ಲೆಯಲ್ಲಿ 2023ರಲ್ಲಿ ಬೀದಿನಾಯಿಗಳು 11 ವರ್ಷದ ಹುಡುಗನನ್ನು ಕೊಂದವು. ನಿಮ್ಮ ಓಣಿಯಲ್ಲಿ ಶಾಲೆಗೆ, ಮದ್ರಸಕ್ಕೆ ಹೋಗುವ ಮಕ್ಕಳಿದ್ದಾರೆ. ತರುವ ಮೊದಲೇ ನಾಲ್ಕು ಮನೆಗೆ ಹೋಗಿ ಹೇಳಿ ಬಾ. ಮನೆ ಸುತ್ತಲಿನ ಪಾಗಾರದ ಗೋಡೆ ಎಲ್ಲೆಲ್ಲಿ ಗಿಡ್ಡ ಇದೆ ಅಂತ ಅಳಿಯಂದಿರು ಒಮ್ಮೆ ಸುತ್ತು ಬಂದು ನೋಡಲಿ.

ಇಲ್ಲಿ ಅಡಕೆ ತೋಟಕ್ಕೆ ಕೊಳೆರೋಗದ ಮೊದಲನೇ ಮದ್ದು ಬಿಟ್ಟಾಗಿದೆ. ಎರಡನೆಯದು ಆಟಿ ತಿಂಗಳಲ್ಲಿ, ಜುಲೈ-ಆಗಸ್ಟ್ ಹೊತ್ತಿಗೆ. ಅದು ಮುಗಿದ ಮೇಲೆ ನನಗೆ ಹೆಚ್ಚಿನ ಕೆಲಸ ಇಲ್ಲ. ನಾಲ್ಕು ಸಲ ನೋಡಿ ಬಂದ ಮೇಲೂ ನಿಮ್ಮಿಬ್ಬರಿಗೆ ಅದೇ ನಾಯಿ ಬೇಕು ಅನಿಸಿದರೆ, ಅದನ್ನು ಆಗ ತನ್ನಿ. ನಾನು ಮೂರು ವಾರ ಕುಂಬಳೆಯಲ್ಲೇ ಇರುತ್ತೇನೆ. ಮಧ್ಯಾಹ್ನ ನೀವಿಬ್ಬರೂ ಕೆಲಸದಲ್ಲಿರುವಾಗ ಆ ಬಾಗಿಲಿನ ಹತ್ತಿರ ಕುರ್ಚಿ ಹಾಕಿ ಕೂರುತ್ತೇನೆ.

ಅದಕ್ಕೆ ಮೊದಲು ಆಚಾರಿಯನ್ನು ಕರೆಸಿ ಹಿಂದಿನ ಕೋಣೆಗೆ ಕೊಂಡಿ ಹಾಕಿಸು. ದೊಡ್ಡವಳು ಸ್ಟೂಲ್ ಹತ್ತಿದರೂ ಎಟಕಬಾರದು, ಅಷ್ಟು ಮೇಲೆ. ಹಾಕಿಸಿದ ದಿನ ಫೋನ್ ಮಾಡು.

ನಿನ್ನ
ದೊಡ್ಡಪ್ಪ