ಅಮೆರಿಕದ ಲೈಸೆನ್ಸ್‌ಗೆ ಬೆರಳಚ್ಚು ಕಳಿಸುವವರ ಗಮನಕ್ಕೆ

ಎಲ್ಲರಿಗೂ ನಮಸ್ಕಾರ. ಆರೋಗ್ಯ ವೃತ್ತಿಯ ಲೈಸೆನ್ಸ್‌ಗೆ ಇಲ್ಲಿಂದ ಅರ್ಜಿ ಹಾಕುವವರಿಗೆ ಹೆಚ್ಚಿನ ಬೋರ್ಡ್‌ಗಳು (ಲೈಸೆನ್ಸ್ ಕೊಡುವ ರಾಜ್ಯ ಮಂಡಳಿಗಳು) ಅಪರಾಧ ಹಿನ್ನೆಲೆ ತಪಾಸಣೆಗಾಗಿ ಶಾಯಿಯಲ್ಲಿ ಒತ್ತಿದ ಎಫ್‌ಡಿ-258 ಕಾರ್ಡ್, ಅಂದರೆ ಎಫ್‌ಬಿಐನ ಬೆರಳಚ್ಚು ಕಾರ್ಡ್ ಕೇಳುತ್ತವೆ. ಬೋರ್ಡ್‌ನವರೇ ಕಾರ್ಡ್ ಕಳಿಸಿದ್ದರೆ ಅದನ್ನೇ ಬಳಸಿ. ಅವರ ಕೋಡ್ ಅದರಲ್ಲಿ ಅಚ್ಚಾಗಿರುತ್ತದೆ. ಪಾಸ್‌ಪೋರ್ಟ್ ಸೇವಾದ ಪಿಸಿಸಿ (ಪೊಲೀಸ್ ಕ್ಲಿಯರೆನ್ಸ್ ಸರ್ಟಿಫಿಕೇಟ್) ಇದಕ್ಕೆ ಬದಲಿಯಲ್ಲ.

ಕಾರ್ಡ್ ತಿರಸ್ಕೃತವಾಗಲು ಸಾಮಾನ್ಯ ಕಾರಣ ಗೆರೆ ಮೂಡದಿರುವುದು. ದಿನವಿಡೀ ಕೈ ತೊಳೆದು, ಸ್ಯಾನಿಟೈಸರ್ ಹಚ್ಚಿ ನಮ್ಮವರ ಬೆರಳು ಸವೆದಿರುತ್ತವೆ. ವಾರ ಮೊದಲಿನಿಂದ ರಾತ್ರಿ ಮಾಯಿಶ್ಚರೈಸರ್ ಹಚ್ಚಿ, ಒತ್ತುವ ದಿನ ಮಾತ್ರ ಬೇಡ. ಕೈ ಪೂರ್ತಿ ಒಣಗಿರಲಿ. ಶಾಯಿ ತೆಳ್ಳಗೆ ಸಾಕು, ಜಾಸ್ತಿಯಾದರೆ ಗೆರೆಗಳ ನಡುವಿನ ಜಾಗ ತುಂಬಿ ಬರೀ ಕಪ್ಪು ಮಚ್ಚೆ. ಉಗುರಿನ ಒಂದು ಅಂಚಿನಿಂದ ಇನ್ನೊಂದು ಅಂಚಿಗೆ ಒಂದೇ ಸಲ ಉರುಳಿಸಬೇಕು, ಹಿಂದೆ ಮುಂದೆ ಉಜ್ಜಬಾರದು. ಕಾರ್ಡ್ ಮಡಚಬೇಡಿ.

ಹೆಸರು ಪಾಸ್‌ಪೋರ್ಟ್‌ನಲ್ಲಿ ಇದ್ದಂತೆಯೇ ಇರಲಿ. ಅಂಕಪಟ್ಟಿಯ ಇನಿಷಿಯಲ್, ಮದುವೆಗೆ ಮುಂಚಿನ ಹೆಸರು ಬೇರೆಯಿದ್ದರೆ ಏಲಿಯಾಸ್ ಕಾಲಂನಲ್ಲಿ ಬರೆಯಿರಿ. ಹುಟ್ಟಿದ ದಿನಾಂಕದಲ್ಲಿ ತಿಂಗಳು ಮೊದಲು! ಜುಲೈ 3 ಅಂದರೆ 07-03; ಅಭ್ಯಾಸಬಲದಿಂದ 03-07 ಬರೆದರೆ ಮಾರ್ಚ್ 7 ಆಗುತ್ತದೆ.

ಎರಡು ಸಲ ಗುಣಮಟ್ಟದ ಕಾರಣಕ್ಕೇ ವಾಪಸಾದರೆ ಎಫ್‌ಬಿಐನ ಹೆಸರು-ಆಧಾರಿತ ತಪಾಸಣೆಗೆ (ಬೆರಳಚ್ಚಿನ ಬದಲು ಹೆಸರಿನಿಂದ ದಾಖಲೆ ಹುಡುಕುವುದು) ಬೋರ್ಡ್ ಮೂಲಕ ಕೋರಬಹುದು, ಎರಡನೇ ತಿರಸ್ಕಾರದಿಂದ 90 ದಿನದೊಳಗೆ. ಆದ್ದರಿಂದ ತಿರಸ್ಕಾರದ ಪತ್ರಗಳನ್ನು ಎಸೆಯಬೇಡಿ.

ಹಳೇ ಪೊಲೀಸ್ ಕೇಸು ಇದ್ದವರು ಅರ್ಜಿಯಲ್ಲಿ ಆ ಬಗ್ಗೆ ಇರುವ ಪ್ರಶ್ನೆಯನ್ನು ಪೂರ್ತಿ ಓದಿ. ಕೆಲವು ಬೋರ್ಡ್‌ಗಳು ವಜಾ ಆದದ್ದನ್ನೂ ಕೇಳುತ್ತವೆ. ಅಂಥಲ್ಲಿ ಕೋರ್ಟಿನ ಅಂತಿಮ ಆದೇಶದ ದೃಢೀಕೃತ ನಕಲು, ಅದರ ಇಂಗ್ಲಿಷ್ ಅನುವಾದ ಸೇರಿಸಿ. ಕೇಸಿಗಿಂತ ಮುಚ್ಚಿಟ್ಟದ್ದೇ ದೊಡ್ಡ ತೊಂದರೆಯಾಗುತ್ತದೆ.